ರಬ್ಬರ್ ಪೈಪಿನ ಮಾತು

ಅಣ್ಣ ತಮ್ಮ ಮಾತು ಬಿಟ್ಟಿದ್ದರು. ಮಾತು ಬಿಟ್ಟವರು ಸಾಮಾನ್ಯವಾಗಿ ದೂರ ದೂರ ಆಗುತ್ತಾರೆ. ಇವರಿಗೆ ಆ ಭಾಗ್ಯವೂ ಇರಲಿಲ್ಲ, ವರ್ಕ್‌ಶಾಪ್ ಒಂದೇ. ಬೆಳಿಗ್ಗೆ ಒಂದೇ ಶಟರನ್ನು ಆ ತುದಿ ಈ ತುದಿ ಹಿಡಿದು ಎತ್ತುತ್ತಿದ್ದರು, ಒಂದೇ ಸೋಪಿನಲ್ಲಿ ಗ್ರೀಸು ತೊಳೆದುಕೊಳ್ಳುತ್ತಿದ್ದರು, ಒಂದೇ ಕಾರಿನಡಿ ಒಬ್ಬನ ತಲೆ ಇನ್ನೊಬ್ಬನ ಕಾಲಿಗೆ ತಾಗುವಷ್ಟು ಹತ್ತಿರ ಮಲಗಿ ಕೆಲಸ ಮಾಡುತ್ತಿದ್ದರು. ಮಾತು ಮಾತ್ರ ಇಲ್ಲ. ಏನೇ ಇದ್ದರೂ ಇಬ್ಬರ ನಡುವೆ ಹುಟ್ಟಿದ ಹೆಣ್ಣುಮಗಳ ಮೂಲಕ ಹೋಗಬೇಕು, ಬರಬೇಕು. ದೊಡ್ಡವನಿಗೆ ಅವಳು ಪುಟ್ಟಿ, ಚಿಕ್ಕವನಿಗೆ ಅಕ್ಕ, ಗಿರಾಕಿಗಳಿಗೆಲ್ಲ ನಡುವಿನಕ್ಕ. ಐವತ್ತು ದಾಟಿದ ಹೆಂಗಸು, ಕನ್ನಡಕ ಹಣೆಯ ಮೇಲೇರಿಸಿಕೊಂಡು ಗಾಜಿನ ಕೋಣೆಯಲ್ಲಿ ಬಿಲ್ಲು ಬರೆಯುತ್ತ, ಫೋನು ಎತ್ತುತ್ತ, ನಡುನಡುವೆ ಎದ್ದುಹೋಗಿ ಎರಡು ಮಾರು ದೂರದಲ್ಲಿ ನಿಂತ ಅಣ್ಣನ ಮಾತನ್ನು ತಮ್ಮನಿಗೆ, ತಮ್ಮನದನ್ನು ಅಣ್ಣನಿಗೆ ಮುಟ್ಟಿಸಿ ಬರುತ್ತಿದ್ದಳು. ನೋಡಿದವರಿಗೆ ನಗು ಬರುತ್ತಿತ್ತು. ಅವಳಿಗೂ ಮೊದಮೊದಲು ಬರುತ್ತಿತ್ತು.

ಮುಟ್ಟಿಸುವಾಗ ಅವಳು ಮಾತನ್ನು ಸೋಸುತ್ತಿದ್ದಳು. ದೊಡ್ಡವನು, "ಆ ಬೃಹಸ್ಪತಿಗೆ ಹೇಳು, ಬ್ರೇಕ್ ಎಣ್ಣೆ ನೆಲಕ್ಕೆ ಕುಡಿಸೋದು ಸಾಕು, ಸ್ವಲ್ಪ ಗಾಡಿಗೂ ಕುಡಿಸ್ಲಿ" ಎಂದರೆ, ಅವಳು ಚಿಕ್ಕವನ ಹತ್ತಿರ ಹೋಗಿ, "ಬ್ರೇಕ್ ಎಣ್ಣೆ ಒಂಚೂರು ನೋಡ್ಕೋಬೇಕಂತೆ ಕಣೋ" ಎನ್ನುತ್ತಿದ್ದಳು. ಚಿಕ್ಕವನು, "ಅವನಿಗೆ ಕಣ್ಣು ಕಾಣಲ್ಲ ಅಂತ ನನ್ನ ತಲೆ ತಿನ್ನೋದ್ಯಾಕೆ" ಎಂದರೆ, ಅದು ದೊಡ್ಡವನಿಗೆ ತಲುಪುವಷ್ಟರಲ್ಲಿ "ನೋಡ್ತಾನಂತೆ" ಆಗಿರುತ್ತಿತ್ತು. ಹೀಗೆ ಮುಳ್ಳು ಆರಿಸಿ ಆರಿಸಿ ಅವಳಿಗೆ ಕೈ ಪಳಗಿಬಿಟ್ಟಿತ್ತು. ತಾನಿಲ್ಲದಿದ್ದರೆ ಇಬ್ಬರೂ ಎಂದೋ ಸ್ಪ್ಯಾನರಿನಲ್ಲಿ ತಲೆ ಒಡೆದುಕೊಳ್ಳುತ್ತಿದ್ದರು ಎಂದು ಅವಳು ನಂಬಿದ್ದಳು. ಆ ನಂಬಿಕೆಯ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಜಗಳ ಶುರುವಾದದ್ದು ಆಸ್ತಿಗಲ್ಲ, ಹೆಣ್ಣಿಗಲ್ಲ, ಕಾರ್ಬುರೇಟರಿಗೆ. ಅವರ ವರ್ಕ್‌ಶಾಪಿಗೆ ಬರುತ್ತಿದ್ದುದೆಲ್ಲ ಹಳೇ ಕಾಲದ ಕಾರುಗಳು. ಅವುಗಳಲ್ಲಿ ಕೆಲವು ದುಬಾರಿ ಗಾಡಿಗಳಿಗೆ ಹುಟ್ಟಿನಿಂದಲೇ ಕಾರ್ಬುರೇಟರ್ ಇಲ್ಲ. ಡಿಕ್ಕಿಯಲ್ಲಿ ಕೂತ ಪಂಪು ಪೆಟ್ರೋಲನ್ನು ಭಾರೀ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ, ಮುಂದೆ ಸಣ್ಣ ಸಣ್ಣ ಮೂತಿಗಳು ಅದನ್ನು ಇಂಜಿನ್ನಿನೊಳಕ್ಕೆ ಚಿಮ್ಮಿಸುತ್ತವೆ. ಅದೇ ಇಂಜೆಕ್ಷನ್. ಸರಿಯಿದ್ದರೆ ಗಾಡಿ ಬೆಣ್ಣೆ. ಕೆಟ್ಟರೆ ಸಾಮಾನೂ ಸಿಗುವುದಿಲ್ಲ, ಗೊತ್ತಿದ್ದವನೂ ಸಿಗುವುದಿಲ್ಲ. ಕಾರ್ಬುರೇಟರಿನದು ಸಾಧು ಸ್ವಭಾವ, ಅದಕ್ಕೆ ಪೆಟ್ರೋಲು ಮೆಲ್ಲಗೆ ಬಂದರೆ ಸಾಕು, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುತ್ತದೆ, ಕೈಕೊಟ್ಟರೆ ಒಂದು ಸ್ಕ್ರೂಡ್ರೈವರಿನಲ್ಲಿ ದಾರಿ ಬದಿಯಲ್ಲೇ ಸರಿಮಾಡಿಕೊಂಡು ಮನೆ ಸೇರಬಹುದು.

"ಗಾಡಿ ಮಾಡಿದವನಿಗಿಂತ ನಾವು ಬುದ್ಧಿವಂತರಾ? ಇಂಜೆಕ್ಷನ್ ಕಿತ್ತ ಮೇಲೆ ಅದು ಆ ಗಾಡಿನೇ ಅಲ್ಲ" ಎನ್ನುವುದು ದೊಡ್ಡವನ ವಾದ.

"ಮನೆ ಮುಟ್ಟಿಸಿದ್ರೆ ಗಾಡಿ. ಶೆಡ್ಡಲ್ಲಿ ನಿಂತಿದ್ರೆ ಫೋಟೋ" ಎನ್ನುವುದು ಚಿಕ್ಕವನ ವಾದ.

ಇಬ್ಬರದೂ ಸರಿಯೇ. ಅದೇ ತೊಂದರೆ. ದೊಡ್ಡವನು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ಚಿಕ್ಕವನು ಒಬ್ಬ ಗಿರಾಕಿಯ ಗಾಡಿಯಿಂದ ಇಡೀ ಇಂಜೆಕ್ಷನ್ ಸೆಟ್ ಕಿತ್ತು, ಜೋಡಿ ಕಾರ್ಬುರೇಟರ್ ಕೂರಿಸಿ, ಕಿತ್ತದ್ದನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ದೊಡ್ಡವನು ಹೊಟ್ಟೆ ಹಿಡಿದುಕೊಂಡು ಬಂದು, ಬಿಚ್ಚಿದ ಸಾಮಾನು ಇಡುವ ಕಪಾಟು ಖಾಲಿಯಾಗಿರುವುದನ್ನು ನೋಡಿದ. ಬೈಯಲಿಲ್ಲ. "ಪುಟ್ಟಿ, ಇನ್ಮೇಲೆ ಅವನಿಗೇನಾದ್ರೂ ಹೇಳೋದಿದ್ರೆ ನಿನ್ನ ಹತ್ರ ಹೇಳ್ತೀನಿ" ಎಂದ. ಅಷ್ಟೇ.

ಆದರೆ ಕೆಲಸ ನಡೆಯಬೇಕಲ್ಲ. ಅದಕ್ಕೆ ಕಾರನ್ನೇ ಪಾಲು ಮಾಡಿಕೊಂಡರು. ಓಡಿಸುವವನ ಕಾಲಿಗೂ ಇಂಜಿನ್ನಿಗೂ ನಡುವೆ ಒಂದು ತಗಡು ಇರುತ್ತದೆ. ತಗಡಿನ ಮುಂದಿನದೆಲ್ಲ ದೊಡ್ಡವನದು, ಹಿಂದಿನದೆಲ್ಲ ಚಿಕ್ಕವನದು. ಒಬ್ಬರ ಪಾಲಿನ ಬೋಲ್ಟನ್ನು ಇನ್ನೊಬ್ಬರು ಮುಟ್ಟುವುದಿರಲಿ, ಬಗ್ಗಿ ನೋಡುವಂತೆಯೂ ಇಲ್ಲ. ನೋಡಿದರೆ ನಂಬಿಕೆಯಿಲ್ಲ ಎಂದಾಗುತ್ತದೆ, ಅದರ ಮೇಲೆ ಇನ್ನೊಂದು ಜಗಳ. ಇದನ್ನು ಅವರು ಶಿಸ್ತು ಎಂದುಕೊಂಡಿದ್ದರು. ನನ್ನನ್ನು ಕೇಳಿದರೆ ಶುದ್ಧ ತಲೆಹರಟೆ, ಆದರೆ ಕೇಳುವವರು ಯಾರು.

ಹೀಗೆ ವರ್ಷಗಳು ಕಳೆದ ಮೇಲೆ ಹಳೇ ಗಿರಾಕಿ ಡಾಕ್ಟರಮ್ಮನ ಕಾರು ಬಂತು. ಅವರ ಯಜಮಾನರು ಬದುಕಿದ್ದಾಗ ಆ ಕಾರಿನ ಇಂಜೆಕ್ಷನ್ ಪದೇ ಪದೇ ಕೈಕೊಟ್ಟು, ಬೇಸತ್ತು, ಚಿಕ್ಕವನ ಕೈಲಿ ಕಾರ್ಬುರೇಟರ್ ಹಾಕಿಸಿದ್ದರು. ಮಾತು ಬಿಡುವುದಕ್ಕೂ ಮುಂಚಿನದು ಅದು. ಬಿಚ್ಚಿದ ಸಾಮಾನನ್ನು ದೊಡ್ಡವನು ಗುಜರಿಗೆ ಹೋಗಲು ಬಿಡದೆ ಮರದ ಪೆಟ್ಟಿಗೆಯಲ್ಲಿ ತುಂಬಿ ಬೀಗ ಹಾಕಿಟ್ಟಿದ್ದ. ಈಗ ಯಜಮಾನರಿಲ್ಲ. ಡಾಕ್ಟರಮ್ಮ ಗಾಜಿನ ಕೋಣೆಯಲ್ಲಿ ಕೂತು, ಕೈಚೀಲದ ಹಿಡಿಯನ್ನು ತಿರುವುತ್ತ, "ಅವರು ಮೊದಲು ಓಡಿಸ್ತಿದ್ದ ಹಾಗೇ ಮಾಡಿಕೊಡಿ. ಆ ಸದ್ದು ಒಂದ್ಸಲ ಕೇಳ್ಬೇಕು ನನಗೆ" ಎಂದರು. ದೊಡ್ಡವನ ಮುಖ ಅರಳಿತು. ಚಿಕ್ಕವನು ಹೋಗಿ ಡಿಕ್ಕಿ ಬಿಚ್ಚತೊಡಗಿದ.

ತನ್ನ ಪಾಲಿನ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ. ಕಾರ್ಬುರೇಟರಿನ ಸಣ್ಣ ಪಂಪು ತೆಗೆದು ಇಂಜೆಕ್ಷನ್ನಿನ ದೊಡ್ಡ ಪಂಪು ಕೂರಿಸಿದ. ಉಳಿದದ್ದು ಒಂದೇ. ಟ್ಯಾಂಕಿನಿಂದ ಕಾರಿನ ತಳದಲ್ಲಿ ಬರುವ ಲೋಹದ ಪೈಪು ತಗಡಿನ ಹಿಂದೆ ಮುಗಿಯುತ್ತಿತ್ತು. ಅಲ್ಲಿಂದ ಮುಂದಿನ ಪೈಪಿಗೆ ಸೇರಿಸುವುದು ಗೇಣುದ್ದವೂ ಇಲ್ಲದ ಒಂದು ರಬ್ಬರ್ ಪೈಪು. ಕಾರ್ಬುರೇಟರ್ ಹಾಕಿದ ಕಾಲದಲ್ಲಿ ಚಿಕ್ಕವನು ಅಲ್ಲಿ ಮಾಮೂಲಿ ರಬ್ಬರ್ ಹಾಕಿ ಕ್ಲಿಪ್ ಬಿಗಿದಿದ್ದ, ಆಗ ಅಷ್ಟು ಸಾಕಿತ್ತು. ಪಕ್ಕದಲ್ಲೇ, ನಾಲ್ಕು ಬೆರಳು ಆಚೆ, ಸೈಲೆನ್ಸರಿನ ಪೈಪು ಕಾದು ಕೆಂಪಾಗುತ್ತ ಹಾದುಹೋಗುತ್ತದೆ.

ಆ ಸಂಜೆ ಚಿಕ್ಕವನಿಗೆ ಬೇರೆ ಊರಿನಿಂದ ಕರೆ ಬಂತು, ಯಾರದೋ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಹೊರಡುವ ಮುನ್ನ ಬನಿಯನ್ ವೇಸ್ಟಿನ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಗಾಜಿನ ಕೋಣೆಯ ಬಾಗಿಲಿಗೆ ಬಂದು ನಿಂತ.

"ಅಕ್ಕ, ಆ ಮಹಾರಾಜನಿಗೆ ಹೇಳು. ಪಂಪು ಕೂರಿಸಿದೀನಿ. ತಗಡಿನ ಹತ್ರ ಇರೋದು ನನ್ನ ಕಾರ್ಬುರೇಟರಿನ ರಬ್ಬರ್ ಪೈಪು, ಅವನ ಇಂಜೆಕ್ಷನ್ ಸೊಕ್ಕನ್ನ ಅದು ತಡ್ಕೊಳ್ಳಲ್ಲ. ಗಟ್ಟಿ ಪೈಪು ಎಲ್ಲಿ ಸಿಗುತ್ತೆ ಅಂತ ಅವನೊಬ್ಬನಿಗೇ ತಾನೇ ಗೊತ್ತಿರೋದು, ಯೋಗ್ಯತೆ ಇದ್ರೆ ತರಿಸ್ಲಿ. ಇಲ್ಲಾಂದ್ರೆ ಹಾಗೇ ಓಡಿಸ್ಕೊಂಡು ಹೋಗಿ ಸುಟ್ಕೊಂಡು ಸಾಯ್ಲಿ. ಮೂರು ಹೊತ್ತೂ ಇಂಜೆಕ್ಷನ್ ಇಂಜೆಕ್ಷನ್ ಅಂತಾನಲ್ಲ, ಅದರಲ್ಲೇ ಸಾಯ್ಲಿ."

ಅಕ್ಕ ಪೆನ್ನು ಕೆಳಗಿಟ್ಟು ಅವನನ್ನು ನೋಡಿದಳು. "ಬಿಡ್ತು ಅನ್ನು. ಒಡಹುಟ್ಟಿದವನಿಗೆ ಹಾಗನ್ತಾರೇನೋ?"

"ನೀನು ಹೇಳು ಅಷ್ಟೇ" ಎಂದು ಅವನು ವ್ಯಾನ್ ಹತ್ತಿದ.

ಸುಟ್ಟುಕೊಂಡು ಸಾಯುವ ಮಾತು ಹೊಸದೇನಲ್ಲ. ಇಂಜೆಕ್ಷನ್ನಿನ ಸುದ್ದಿ ಬಂದಾಗಲೆಲ್ಲ ಚಿಕ್ಕವನ ಬಾಯಲ್ಲಿ ಅದು ಬರುತ್ತಿತ್ತು. ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಆದರೂ ಈ ಸಲ ಎರಡೆರಡು ಸಲ ಸಾಯಲಿ ಎಂದನಲ್ಲ ಎಂದು ಅವಳಿಗೆ ಸಂಕಟವಾಯಿತು. ಆ ಸಂಕಟದಲ್ಲಿ ಮಾತಿನ ಮುಳ್ಳಷ್ಟೇ ಮನಸ್ಸಿನಲ್ಲಿ ಉಳಿದು, ಪೈಪು ಎಲ್ಲೋ ಜಾರಿಹೋಯಿತು. ಅವಳಿಗೆ ಸಾಮಾನುಗಳ ಹೆಸರು ಗೊತ್ತು, ಯಾವುದು ಎಷ್ಟು ಒತ್ತಡ ತಾಳುತ್ತದೆ ಎಂದು ಗೊತ್ತಿಲ್ಲ. ಪೈಪಿನ ಮಾತೂ ಬೈಗುಳದ್ದೇ ಒಂದು ತುಂಡು ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ದೊಡ್ಡವನು ಒಬ್ಬನೇ ಶಟರ್ ಎತ್ತಿದ. ಒಳಗೆ ಬರುವಾಗ ಏನೋ ಹಾಡು ಗುನುಗುತ್ತಿದ್ದ. ಅವನು ಗುನುಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

"ಪುಟ್ಟಿ, ಹಿಂದಿನದು ಏನಂತೆ?"

"ಪಂಪು ಕೂರಿಸಿದಾನಂತೆ."

"ಮತ್ತೆ?"

ಈ ಗುನುಗುವ ಮನುಷ್ಯನ ಮುಂದೆ ಆ ಹೊಲಸು ಮಾತನ್ನು ಯಾವ ಬಾಯಿಂದ ಹೇಳುವುದು? "ಮತ್ತೇನಿಲ್ಲ. ಎಲ್ಲ ಆಗಿದೆಯಂತೆ" ಎಂದಳು.

ಎಲ್ಲ ಆಗಿದೆಯಂತೆ ಎಂದು ಚಿಕ್ಕವನು ಹೇಳಿರಲಿಲ್ಲ. ಅದು ಅವಳದೇ ಸೇರ್ಪಡೆ. ಒಣಮಾತಿಗೆ ಎರಡು ಹನಿ ಎಣ್ಣೆ ಬಿಡುವುದು ಅವಳ ಅಭ್ಯಾಸವಾಗಿತ್ತು.

ದೊಡ್ಡವನು ದಿನವಿಡೀ ಮುಂದಿನ ಕೆಲಸದಲ್ಲಿ ಮುಳುಗಿದ. ಕೊನೆಗೆ ಚಾವಿ ತಿರುಗಿಸಿದಾಗ ಡಿಕ್ಕಿಯಲ್ಲಿ ಪಂಪು ಕುಯ್ಯೆಂದಿತು, ಇಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಹದವಾಗಿ ಉಸಿರಾಡತೊಡಗಿತು. ದೊಡ್ಡವನು ಬಾನೆಟ್ಟಿನೊಳಗೆ ತಲೆ ಹಾಕಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಮುಖ ನೋಡಿದರೆ ಮೊಮ್ಮಗು ಮೊದಲ ಸಲ ಮಾತಾಡಿದ್ದನ್ನು ಕೇಳಿದ ಹಾಗಿತ್ತು. ಅಕ್ಕನಿಗೆ ಕಣ್ಣು ತುಂಬಿ ಬಂತು. ಆಗ ಅವಳ ಮೂಗಿಗೆ ಪೆಟ್ರೋಲು ಬಡಿಯಿತು.

ವರ್ಕ್‌ಶಾಪಿನಲ್ಲಿ ಪೆಟ್ರೋಲಿನ ವಾಸನೆ ದೊಡ್ಡ ವಿಷಯವಲ್ಲ. ಆದರೆ ಇದು ಹಸಿ ವಾಸನೆ. ಬಗ್ಗಿ ನೋಡಿದಳು. ಕಾರಿನಡಿಯ ನೆಲದಲ್ಲಿ, ಓಡಿಸುವವನ ಕಾಲಿನ ನೇರಕ್ಕೆ, ಅಂಗೈಯಗಲ ಒದ್ದೆಯಾಗಿತ್ತು. ಅವಳು ನೋಡುತ್ತಿದ್ದ ಹಾಗೇ ಮೇಲಿಂದ ಇನ್ನೊಂದು ಹನಿ ಬಿತ್ತು. ದೊಡ್ಡವನ ಮೂಗು ಪೆಟ್ರೋಲಿನಲ್ಲೇ ಬದುಕಿ ಬದುಕಿ ಎಂದೋ ಸತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ. ಹೇಳಲೇ ಎಂದು ಅವಳು ಬಾಯಿ ತೆರೆದಳು. ಹೇಳಿದರೆ ಏನಾಗುತ್ತದೆ ಎಂಬುದೂ ಒಡನೆಯೇ ಕಣ್ಣಿಗೆ ಕಟ್ಟಿತು. ತಗಡಿನ ಹಿಂದಿನದು ಅದು. 'ಅವನ ಕೆಲಸ ನೋಡು, ಸೋರ್ತಿದೆ' ಎಂದು ಇವನು ಕುಣಿಯುತ್ತಾನೆ, ಆ ಮಾತು ಅವನಿಗೆ ಮುಟ್ಟಬೇಕು, ಅವನು ಅಲ್ಲಿಂದ ಇನ್ನೊಂದು ಕಳಿಸುತ್ತಾನೆ. ಇಂಥ ಒಳ್ಳೆಯ ದಿನ ಹಾಳು. ಚಿಕ್ಕವನು ಬಂದ ಮೇಲೆ ಅವನ ಕಿವಿಗೆ ಹಾಕಿದರೆ ಸದ್ದಿಲ್ಲದೆ ಬಿಗಿದುಬಿಡುತ್ತಾನೆ. ಇಂಜಿನ್ ಆರಿದ ಮೇಲೆ ಹನಿಯೂ ನಿಂತಿತು. ಅವಳು ಮೂಲೆಯಿಂದ ಒಂದು ಬೊಗಸೆ ಮರದ ಪುಡಿ ತಂದು ಒದ್ದೆಯ ಮೇಲೆ ಹರಡಿ, ಚಪ್ಪಲಿಯಲ್ಲಿ ಸಮ ಮಾಡಿದಳು. ಮನಸ್ಸು ಮಾತ್ರ ಸಮವಾಗಲಿಲ್ಲ.

ಮರುದಿನ ಡಾಕ್ಟರಮ್ಮ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದರು. ಇಂಜೆಕ್ಷನ್ ಗಾಡಿಯ ಪರೀಕ್ಷೆ ಏರಿನಲ್ಲೇ ಆಗಬೇಕು, ಬೆಟ್ಟದ ರಸ್ತೆ ಹತ್ತಿಸಿ ತರುತ್ತೇನೆ, ನೀವೂ ಬನ್ನಿ, ಸದ್ದು ಕೇಳಿ ಎಂದು ದೊಡ್ಡವನೇ ಕರೆದಿದ್ದ. ಹೊರಡುವಾಗ ಎಂದಿನಂತೆ ಫೋನನ್ನು ತಂಗಿಯ ಮೇಜಿನ ಮೇಲಿಟ್ಟ. ಟ್ರಯಲ್ ತೆಗೆಯುವಾಗ ಅವನು ಫೋನು ಒಯ್ಯುತ್ತಿರಲಿಲ್ಲ. ಇಂಜಿನ್ ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಎನ್ನುತ್ತಿದ್ದ.

"ಅಣ್ಣ, ಅವನು ಬರ್ಲಿ, ನಾಳೆ ಹೋದ್ರಾಗಲ್ವಾ?" ಎಂದಳು ಅಕ್ಕ. ಹಾಗೆ ಕೇಳಬೇಕೆಂದು ಅವಳೇನೂ ಯೋಚಿಸಿರಲಿಲ್ಲ.

"ಅವನು ಬಂದು ಆರತಿ ಎತ್ತಬೇಕಾ? ಅವನ ಕೆಲಸ ಆಗಿದೆ ಅಂದ್ಯಲ್ಲ."

"ಆಗಿದೆಯಂತೆ" ಎಂದಳು. ಕಾರು ರಸ್ತೆಗಿಳಿದು ತಿರುವಿನಲ್ಲಿ ಮರೆಯಾಯಿತು. ನೆಲದ ಮೇಲೆ ಹೊಸದೊಂದು ಒದ್ದೆ ಗುರುತು ಉಳಿದಿತ್ತು. ಈ ಸಲ ಅದು ಅಂಗೈಗಿಂತ ದೊಡ್ಡದಿತ್ತು.

ಚಿಕ್ಕವನ ವ್ಯಾನ್ ಬಂದು ನಿಂತಾಗ ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಅವನು ಇಳಿದು ಆಕಳಿಸುತ್ತ ಒಳಗೆ ಬಂದ.

"ಡಾಕ್ಟರಮ್ಮನ ಗಾಡಿ ಎಲ್ಲಿ?"

"ಟ್ರಯಲ್ಲಿಗೆ ಹೋಗಿದೆ. ಬೆಟ್ಟದ ಕಡೆ. ಡಾಕ್ಟರಮ್ಮನೂ ಹೋಗಿದಾರೆ."

"ಇಷ್ಟು ಬೇಗ ಪೈಪು ಬಂತಾ?"

ಅವಳ ಕಣ್ಣು ನೆಲದ ಒದ್ದೆಯ ಕಡೆ ಹೋಯಿತು. ಚಿಕ್ಕವನು ಅವಳ ಮುಖ ನೋಡಿದ, ನೆಲ ನೋಡಿದ. ಕುಕ್ಕರಗಾಲಲ್ಲಿ ಕೂತು ಮರದ ಪುಡಿಯನ್ನು ಚಿಟಿಕೆಯಲ್ಲೆತ್ತಿ ಮೂಸಿದ.

"ಹೇಳಿ ಕಳಿಸಿದ್ದೆನಲ್ಲ ಅಕ್ಕ. ಹೇಳಿದ್ರೂ ಹೋದ್ನಾ? ನಾನು ಹೇಳ್ದೆ ಅಂತಾನೇ ಹೋಗಿರ್ತಾನೆ, ಹಠಮಾರಿ."

ಆಗಲೇ ಹೇಳಬೇಕಿತ್ತು. ಅವಳು ಹೇಳಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಗೋಡೆಯಿಂದ ಕಿತ್ತು ಅವನ ಕೈಗೆ ಕೊಟ್ಟು, ತಾನೂ ವ್ಯಾನ್ ಹತ್ತಿದಳು.

ಅಷ್ಟು ಭಯವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗಂಡ ತೀರಿಕೊಂಡಾಗ ದುಃಖವಿತ್ತು, ಭಯವಿರಲಿಲ್ಲ. ಈಗ ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿ, ತಿರುವು ಕಳೆದ ಮೇಲೆ ತೆರೆಯುತ್ತಿದ್ದಳು. ಡಾಕ್ಟರಮ್ಮನ ಫೋನು ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ಚಿಕ್ಕವನು ಹಾರ್ನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಏರು ಶುರುವಾದ ಮೇಲೆ ಅವನು ತನಗೆ ತಾನೇ ಹೇಳಿಕೊಳ್ಳುವ ಹಾಗೆ ಮಾತಾಡತೊಡಗಿದ. ಏರಿನಲ್ಲಿ ಇಂಜಿನ್ ಬಿಸಿಯೇರುತ್ತೆ, ರಬ್ಬರ್ ಮೆತ್ತಗಾಗುತ್ತೆ, ಕ್ಲಿಪ್ ಹಿಡಿಯಲ್ಲ, ಕಿತ್ಕೊಂಡ್ರೆ ಪೆಟ್ರೋಲು ನೇರ ಸೈಲೆನ್ಸರ್ ಮೇಲೆ ಎಂದ. ಆಮೇಲೆ, "ಸಾಯ್ಲಿ ಅಂದಿದ್ದು ಬಾಯಿಮಾತಿಗೆ ಅಕ್ಕ. ಬಾಯಿಮಾತಿಗೆ ಅಂತ ಅವನಿಗೆ ಗೊತ್ತಾಗಲ್ವಾ?" ಎಂದ. ಅವಳು ಸೀಟಿನ ಅಂಚು ಹಿಡಿದುಕೊಂಡು ಕೂತಿದ್ದಳು. ಬೆಟ್ಟದ ಅರ್ಧದಲ್ಲಿ ಹೊಗೆ ಕಂಡಿತು. ಕಪ್ಪು ಹೊಗೆ, ನೆಟ್ಟಗೆ ಮೇಲೇರುತ್ತಿತ್ತು.

ಕಾರು ತಡೆಗೋಡೆಗೆ ಒರಗಿಕೊಂಡು ಉರಿಯುತ್ತಿತ್ತು. ಒಂದು ಬಸ್ಸು ದೂರದಲ್ಲಿ ನಿಂತಿತ್ತು, ಜನ ಇನ್ನೂ ದೂರದಲ್ಲಿ. ದೊಡ್ಡವನನ್ನು ಬಸ್ಸಿನವರು ಟಾರ್ಪಾಲಿನ ಮೇಲೆ ಮಲಗಿಸಿದ್ದರು. ಅವನ ಪಕ್ಕ ಡಾಕ್ಟರಮ್ಮ ಮಂಡಿಯೂರಿ ಕೂತು, ತಮ್ಮ ಬೆಂದ ಕೈಯನ್ನು ಲೆಕ್ಕಿಸದೆ, ಸ್ಕಾರ್ಫನ್ನು ನೀರಿನಲ್ಲಿ ಅದ್ದಿ ಅವನ ಎದೆಗೆ ಹಾಕುತ್ತಿದ್ದರು. "ಕಾಲಡಿಯಿಂದ ಭಗ್ಗೆಂದು ಬಂತು, ಗೋಡೆಗೆ ಒತ್ತಿ ನನ್ನ ಬಾಗಿಲು ತೆಗೆಯಲಾಗಲಿಲ್ಲ, ಇವರು ಇಳಿದು ಸುತ್ತಿ ಬಂದು ಮುಂದಿನ ಗಾಜು ಒಡೆದು ನನ್ನನ್ನು ಎಳೆದು ಹಾಕಿದರು, ಅಷ್ಟರಲ್ಲಿ ಇವರ ಬಟ್ಟೆ ಹಿಡಿದುಕೊಂಡಿತ್ತು" ಎಂದು ಅವರು ಹೇಳಿದರು. ಅಕ್ಕ ಅಣ್ಣನನ್ನು ನೋಡಿದಳು. ನೋಡಿದ್ದನ್ನು ಆಮೇಲೆ ಯಾರಿಗೂ ಹೇಳಲಿಲ್ಲ.

ಚಿಕ್ಕವನು ಹತ್ತು ಮಾರು ದೂರದಲ್ಲೇ ನಿಂತುಬಿಟ್ಟಿದ್ದ. ಕೆಂಪು ಸಿಲಿಂಡರ್ ಇನ್ನೂ ಕಂಕುಳಲ್ಲಿತ್ತು. "ಅಕ್ಕ, ಕೇಳು ಅವನನ್ನ. ಹೇಗಿದಾನೆ ಅಂತ ಕೇಳು" ಎಂದ.

ದೊಡ್ಡವನು ಕಣ್ಣು ತೆರೆದ. ತಂಗಿಯ ಗುರುತು ಹತ್ತಿತು.

"ಪುಟ್ಟಿ. ಅವನಿಗೆ ಹೇಳು." ಉಸಿರು ಸಾಲದೆ ನಿಲ್ಲಿಸಿದ. "ಬೆಂಕಿ ತಗಡಿನ ಹಿಂದಿಂದ ಬಂತು. ಹಳೇ ರಬ್ಬರ್ ಪೈಪು ಹಾಗೇ ಬಿಟ್ಟಿದ್ದ. ಬೇಕಂತಲೇ ಬಿಟ್ಟಿದ್ದ. ನನಗೆ ಗೊತ್ತಾಯ್ತು ಅಂತ ಹೇಳು."

"ಇಲ್ಲ ಅಣ್ಣ. ಅವನು ಹೇಳಿದ್ದ. ನಿನಗೆ ಹೇಳು ಅಂದಿದ್ದ. ನಾನೇ ಹೇಳಲಿಲ್ಲ. ಅಣ್ಣ, ಕೇಳಿಸ್ತಾ? ನಾನೇ ಹೇಳಲಿಲ್ಲ."

ದೊಡ್ಡವನ ಕಣ್ಣು ಮುಚ್ಚಿತ್ತು. ಯಾವ ಮಾತಿಗೆ ಮುಚ್ಚಿತೋ ಅವಳಿಗೆ ಗೊತ್ತಾಗಲಿಲ್ಲ. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು. ಆಂಬುಲೆನ್ಸಿನವರು ಬಂದು ಅವಳನ್ನು ಪಕ್ಕಕ್ಕೆ ಸರಿಸಿದರು. ಒಳಗೆ ಒಬ್ಬರಿಗೆ ಮಾತ್ರ ಜಾಗವಿತ್ತು, ಡಾಕ್ಟರಮ್ಮ ಹತ್ತಿದರು. ಹತ್ತುವಾಗ ಅವಳ ಭುಜ ಹಿಡಿದು, "ಹಿಂದೆಯೇ ಬಂದುಬಿಡಿ. ತಮ್ಮನನ್ನೂ ಕರ್ಕೊಂಡು ಬನ್ನಿ. ತಡ ಮಾಡ್ಬೇಡಿ" ಎಂದರು. ಸ್ವತಃ ಡಾಕ್ಟರಾದ್ದರಿಂದ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ವ್ಯಾನಿನಲ್ಲಿ ಚಿಕ್ಕವನು ಚಾವಿ ಹಾಕಿ, ತಿರುಗಿಸದೆ ಕೂತ.

"ಏನಂದ?"

ಏನು ಹೇಳಬೇಕೆಂದು ಅವಳಿಗೆ ತಕ್ಷಣ ಹೊಳೆಯಿತು. 'ನಿನ್ನ ಕೇಳಿದ ಕಣೋ, ತಮ್ಮ ಬಂದಿದಾನಾ ಅಂತ ಕೇಳಿದ.' ಅಷ್ಟು ಹೇಳಿದರೆ ಅವನು ಅತ್ತು ಹಗುರಾಗುತ್ತಾನೆ, ಬದುಕಿಡೀ ಆ ಮಾತನ್ನು ಎದೆಗೊತ್ತಿಕೊಂಡಿರುತ್ತಾನೆ. ಮಾತು ತುಟಿಯವರೆಗೆ ಬಂದಿತ್ತು. ತನ್ನ ಬಗ್ಗೆ ತನಗೇ ಹೇಸಿಗೆಯಾಗಿ ಅವಳು ಅದನ್ನು ನುಂಗಿದಳು.

"ಪೈಪನ್ನ ನೀನು ಬೇಕಂತಲೇ ಬಿಟ್ಟೆ ಅಂದ. ಹಾಗೇ ಅಂದ. ನೀನು ಹೇಳಿ ಕಳಿಸಿದ್ದು ಅವನಿಗೆ ಗೊತ್ತೇ ಇರ್ಲಿಲ್ಲ. ನಾನು ಹೇಳಿರ್ಲಿಲ್ಲ. ಎಲ್ಲ ಆಗಿದೆಯಂತೆ ಅಂದಿದ್ದೆ. ಸೋರ್ತಿದ್ದುದನ್ನೂ ನೋಡಿದ್ದೆ. ಜಗಳ ಆಗುತ್ತೆ ಅಂತ ಪುಡಿ ಹಾಕಿ ಮುಚ್ಚಿದೆ."

ಚಿಕ್ಕವನು ಚಾವಿ ತಿರುಗಿಸಿ, ವ್ಯಾನನ್ನು ಇಳಿಜಾರಿಗೆ ತಿರುಗಿಸಿದ. ಮುಂದೆ ಆಂಬುಲೆನ್ಸು ಕಾಣಿಸುತ್ತಿತ್ತು. ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಇನ್ನೇನೇನು ಹೇಳಿಲ್ಲ ನೀನು?"

ಅವಳು ಹಿಂದಕ್ಕೆ ಹಿಂದಕ್ಕೆ ನೆನಪು ಮಾಡಿಕೊಂಡಳು. ಸೋಸಿ ಎಸೆದದ್ದು ಒಂದೇ ಎರಡೇ. ಎಲ್ಲಕ್ಕಿಂತ ಹಳೆಯದು ಮೊದಲು ಬಾಯಿಗೆ ಬಂತು.

"ಮಾತು ಬಿಟ್ಟ ವರ್ಷವೇ. ನೀನು ಆ ಬಿಳೀ ಗಾಡಿ ಗೇರ್‌ಬಾಕ್ಸ್ ಕಟ್ಟಿದ್ಯಲ್ಲ, ಅವತ್ತು ಅವನು ಅದನ್ನ ಓಡಿಸಿ ಬಂದು ಹೇಳಿದ್ದ. ಆ ಕತ್ತೆಗೆ ಹೇಳು, ಅವನ ಕೈ ನನ್ನ ಕೈಗಿಂತ ಚೆನ್ನಾಗಿದೆ, ತಲೇಲಿ ಮಾತ್ರ ಏನೂ ಇಲ್ಲ ಅಂತ. ಕತ್ತೆ ಅಂದ, ತಲೇಲಿ ಏನೂ ಇಲ್ಲ ಅಂದ, ನಿನಗೆ ಬೇಜಾರಾಗುತ್ತೆ ಅಂತ ಬಿಟ್ಟುಬಿಟ್ಟೆ."

ಮುಂದಿನ ತಿರುವಿನಲ್ಲಿ ಆಂಬುಲೆನ್ಸು ಮರೆಯಾಯಿತು.

"ಅಣ್ಣ ಹಾಗಂದಿದ್ನಾ?" ಎಂದು ಚಿಕ್ಕವನು ಕೇಳಿದ.